ಹೊಗೆಗೂ ಒಂದು ವಿಳಾಸ ಇದೆ

‘ಹವಾಮಾನ ಯಾವತ್ತೂ ಬದಲಾಗುತ್ತಲೇ ಬಂದಿದೆ. ಈಗಿನ ಬಿಸಿಗೆ ಸೂರ್ಯನೋ ಜ್ವಾಲಾಮುಖಿಯೋ ಕಾರಣ ಇರಬೇಕು. ವಿಜ್ಞಾನಿಗಳು ಅನುದಾನದ ಆಸೆಗೆ ಗುಲ್ಲೆಬ್ಬಿಸುತ್ತಿದ್ದಾರೆ. ನೀವು ಎರಡೂ ಕಡೆಯ ವಾದ ಅಚ್ಚು ಹಾಕಬೇಕು’ ಅಂತ ಓದುಗರೊಬ್ಬರು ಬರೆದಿದ್ದಾರೆ.

ಪತ್ರ ಖಾರವಾಗಿದೆ, ಕೈಬರಹ ಮುದ್ದಾಗಿದೆ. ನಿಮ್ಮ ಮೊದಲ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಭೂಮಿಯ ಕಕ್ಷೆ, ವಾಲಿಕೆ ಒಂಚೂರು ಬದಲಾಗಿದ್ದಕ್ಕೇ ಹಿಮಯುಗಗಳು ಬಂದು ಹೋಗಿವೆ. ಆದರೆ ಅದನ್ನು ಕಂಡುಹಿಡಿದವರೂ ಇದೇ ವಿಜ್ಞಾನಿಗಳು ಸ್ವಾಮಿ! ಅವರಿಗೇ ಅದು ಮರೆತುಹೋಗಿದೆ ಅಂದುಕೊಂಡಿರಾ?

ಸೂರ್ಯನನ್ನು 1970ರ ದಶಕದ ಕೊನೆಯಿಂದ ಉಪಗ್ರಹಗಳು ಅಳೆಯುತ್ತಿವೆ. ಅವನ ಶಾಖವೇನೂ ಏರುತ್ತಾ ಹೋಗಿಲ್ಲ. ಅವನೇ ಕಾರಣ ಆಗಿದ್ದರೆ ಗಾಳಿ ಮೇಲಿನಿಂದ ಕೆಳಗಿನವರೆಗೂ ಕಾಯಬೇಕಿತ್ತು. ಈಗ ನೆಲದ ಹತ್ತಿರ ಕಾಯುತ್ತಿದೆ, ಮೇಲಿನ ಸ್ಟ್ರಾಟೋಸ್ಫಿಯರ್ ಅನ್ನುವ ಗಾಳಿಯ ಪದರ ತಣ್ಣಗಾಗುತ್ತಿದೆ. ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದರೆ ಹೀಗೇ ಆಗುತ್ತದೆ ಅಂತ ಹವಾಮಾನ ವಿಜ್ಞಾನಿ ಸ್ಯುಕುರೊ ಮನಾಬೆ ಮತ್ತು ಅವರ ಜೊತೆಗಾರರು 1967ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಮನಾಬೆಗೆ ನೊಬೆಲ್ ಬಂದದ್ದು 2021ರಲ್ಲಿ.

ಇನ್ನು ಜ್ವಾಲಾಮುಖಿ. ನನಗೆ ತುಂಬಾ ಇಷ್ಟವಾದ ಪುರಾವೆ ಇಲ್ಲೇ ಇದೆ. ಕಲ್ಲಿದ್ದಲು, ಪೆಟ್ರೋಲು ಕೋಟ್ಯಂತರ ವರ್ಷ ನೆಲದಡಿ ಇದ್ದವು. ಕಾರ್ಬನ್-14 ಅನ್ನುವುದು ಕಾಲ ಕಳೆದಂತೆ ತಾನಾಗೇ ಕ್ಷಯಿಸುವ ಒಂದು ಬಗೆಯ ಇಂಗಾಲ. ಅಷ್ಟರಲ್ಲಿ ಅವುಗಳಲ್ಲಿದ್ದದ್ದು ಪೂರ್ತಿ ಕರಗಿಹೋಗಿರುತ್ತದೆ. ಹಾಗಾಗಿ ಅವುಗಳ ಹೊಗೆ ಸೇರಿದಷ್ಟೂ ಗಾಳಿಯ ಕಾರ್ಬನ್-14 ತೆಳುವಾಗುತ್ತದೆ. ವಿಜ್ಞಾನಿ ಹಾನ್ಸ್ ಸೂಸ್ ಇದನ್ನು ಮರದ ಉಂಗುರಗಳಲ್ಲಿ ಗುರುತಿಸಿ 1955ರಲ್ಲಿ ಬರೆದರು. ಜ್ವಾಲಾಮುಖಿಯ ಗಾಳಿಯಲ್ಲೂ ಕಾರ್ಬನ್-14 ಇರುವುದಿಲ್ಲವಲ್ಲ ಅಂತ ನೀವು ಕೇಳಬಹುದು. ಕೇಳಲೇಬೇಕು! ಆದರೆ ಗಾಳಿಯಲ್ಲಿ ಕಾರ್ಬನ್-13 ಅನ್ನುವ ಒಂಚೂರು ಭಾರದ ಇಂಗಾಲದ ಪಾಲೂ ಇಳಿಯುತ್ತಿದೆ. ಗಿಡಗಳು ಅದನ್ನು ಕಮ್ಮಿ ಹೀರುತ್ತವೆ, ಕಲ್ಲಿದ್ದಲು, ಪೆಟ್ರೋಲು ಆದದ್ದೂ ಹಳೇ ಗಿಡ, ಪಾಚಿಗಳಿಂದಲೇ. ಹಾಗಾಗಿ ಈ ಇಳಿಕೆ ಗಿಡಮರಗಳಿಂದ ಬಂದ ಇಂಗಾಲದ ಗುರುತು, ಜ್ವಾಲಾಮುಖಿಯದ್ದಲ್ಲ. ಸಾಲದ್ದಕ್ಕೆ ಗಾಳಿಯ ಆಮ್ಲಜನಕವೂ ಒಂಚೂರು ಕಮ್ಮಿಯಾಗುತ್ತಿದೆ, ಅಂದರೆ ಎಲ್ಲೋ ಏನೋ ಉರಿಯುತ್ತಿದೆ ಅಂತಲೇ ಅರ್ಥ ಅಲ್ವಾ?

ಆಮ್ಲಜನಕ ಅಳೆದವರು ರಾಲ್ಫ್ ಕೀಲಿಂಗ್. ಅವರಪ್ಪ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಕಾರ್ಬನ್ ಡೈಆಕ್ಸೈಡ್ ಅಳೆಯಲು ಶುರುಮಾಡಿದಾಗ ಹತ್ತು ಲಕ್ಷ ಭಾಗಕ್ಕೆ ಸುಮಾರು 315 ಭಾಗ ಇತ್ತು. ಈಗ 420 ದಾಟಿದೆ. ಕೈಗಾರಿಕೆಗಳು ಬರುವ ಮುಂಚೆ ಇದ್ದದ್ದು 280ರ ಆಸುಪಾಸು. ಅನುದಾನದ ಆಸೆ ಅಂದಿರಲ್ಲ, ಅದೇ ಚಾರ್ಲ್ಸ್ ಕೀಲಿಂಗ್‌ಗೆ 1964ರಲ್ಲಿ ದುಡ್ಡು ನಿಂತು ಕೆಲವು ತಿಂಗಳು ಅಳತೆಯೇ ನಿಂತುಹೋಗಿತ್ತು. ಗ್ರಾಫಿನಲ್ಲಿ ಆ ಖಾಲಿ ಜಾಗ ಇವತ್ತಿಗೂ ಇದೆ, ನೋಡಿ.

ನಿಮ್ಮಂಥ ಓದಿಕೊಂಡವರೂ ಹೀಗೆ ಬರೆದಾಗ ನನಗೆ ಸಿಟ್ಟು ಬರುವುದು ನಿಮ್ಮ ಮೇಲಲ್ಲ, ಟಿವಿ ಚರ್ಚೆಗಳ ಮೇಲೆ. ಒಂದು ಕುರ್ಚಿಯಲ್ಲಿ ಜೀವನವಿಡೀ ಅಳೆದವರು, ಎದುರಿನದ್ದರಲ್ಲಿ ಸುಮ್ನೆ ಜೋರಾಗಿ ಮಾತಾಡುವವರು. ಇಬ್ಬರಿಗೂ ಸಮ ಸಮ ಸಮಯ. ಅದನ್ನು ನ್ಯಾಯ ಅಂತಾರೆ! ಶಾಲೆಯಲ್ಲೂ ಅಷ್ಟೇ, ಉತ್ತರ ಬಾಯಿಪಾಠ ಮಾಡಿಸುತ್ತೇವೆ, ಅದು ಹೇಗೆ ಗೊತ್ತಾಯಿತು ಅಂತ ಹೇಳಿಕೊಡುವುದಿಲ್ಲ.

ಹಾಗಾಗಿ ಕಾರಣ ಯಾರು ಅನ್ನುವುದಕ್ಕೆ ನನ್ನ ಪತ್ರಿಕೆಯಲ್ಲಿ ಎರಡನೇ ಕಡೆಗೆ ಜಾಗ ಇಲ್ಲ. ಹೊಗೆ ಎಷ್ಟು ಬೇಗ ಕಮ್ಮಿ ಮಾಡಬೇಕು, ಅದರ ಖರ್ಚು ಯಾರು ಹೊರಬೇಕು, ಬಡವರ ಮೇಲೆ ಎಷ್ಟು ಹೇರಬಹುದು ಅನ್ನುವುದರ ಬಗ್ಗೆ ಬರೆಯಿರಿ. ಅದರಲ್ಲಿ ಬೇಕಾದಷ್ಟು ಜಗಳ ಇದೆ. ಎರಡಲ್ಲ, ನಾಲ್ಕು ಕಡೆಯವರದ್ದೂ ಹಾಕುತ್ತೇನೆ.