ಕೈಗಳನ್ನು ನೋಡಿ ಬರೆಯಿರಿ: ‘ಮೊದಲ ಪಾಪ’ದ ಲೇಖಕರಿಗೆ ಉತ್ತರ

ಪ್ರಿಯ ಲೇಖಕರೇ,

ಆದಾಮ ಮತ್ತು ಹವ್ವರ ಪತನದ ಕಥೆಯನ್ನು ಧರ್ಮ, ಚಿತ್ರಕಲೆ ಹಾಗೂ ಸಾಹಿತ್ಯದಲ್ಲಿ ಹಿಂಬಾಲಿಸುತ್ತ ‘ಮೊದಲ ಪಾಪ’ ಎಂಬ ಹೆಸರಿನಲ್ಲಿ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಇಷ್ಟನ್ನೇ ಬರೆದು ಮುಗಿಸಬಹುದಿತ್ತು. ಆದರೆ ನಿಮ್ಮ ಹನ್ನೊಂದನೆಯ ಪುಟದ ಒಂದು ಪ್ಯಾರಾ ನನ್ನನ್ನು ಹಾಗೆ ಮಾಡಲು ಬಿಡಲಿಲ್ಲ. ಆ ಪ್ಯಾರಾ ಬರೆದವರು ಉಳಿದ ಹದಿಮೂರು ಪುಟಗಳನ್ನು ಹೀಗೆ ಬರೆಯಬೇಕಾಗಿರಲಿಲ್ಲ ಎನ್ನುವುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾಗುತ್ತದೆ.

ನಿಮ್ಮ ಮೊದಲ ವಾಕ್ಯದಿಂದಲೇ ಆರಂಭಿಸುತ್ತೇನೆ. ‘ಸೈತಾನನು ಸರ್ಪದ ವೇಷದಲ್ಲಿ ಬಂದು ಸೇಬಿನ ಆಸೆ ತೋರಿಸಿ ಹವ್ವಳನ್ನು ಮರುಳು ಮಾಡಿದನು, ಅವಳು ಗಂಡನನ್ನು ಹುಡುಕಿಕೊಂಡು ಹೋಗಿ ಅವನಿಗೂ ತಿನ್ನಿಸಿ ಮನುಕುಲಕ್ಕೆ ಪಾಪವನ್ನು ತಂದಳು, ಆದ್ದರಿಂದ ದೇವರು ಅವಳನ್ನು ಶಪಿಸಿದನು ಎಂದು ಆದಿಕಾಂಡ ಹೇಳುತ್ತದೆ’ ಎಂದು ನೀವು ಬರೆದಿದ್ದೀರಿ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿರುವುದು ಕೇವಲ 24 ವಚನಗಳು. ನಿಧಾನವಾಗಿ ಓದಿದರೂ ಐದು ನಿಮಿಷ ಸಾಕು. ಅಲ್ಲಿ ಸೈತಾನನಿಲ್ಲ, ಇರುವುದು ಮಾತನಾಡುವ ಒಂದು ಸರ್ಪ ಮಾತ್ರ, ದೇವರು ಮಾಡಿದ ಭೂಜಂತುಗಳಲ್ಲೆಲ್ಲ ಯುಕ್ತಿಯುಳ್ಳದ್ದು ಎಂದಷ್ಟೇ ಅದರ ಪರಿಚಯ. ‘ಪುರಾತನ ಸರ್ಪ’ವನ್ನು ಸೈತಾನನೆಂದು ಬಿಡಿಸಿ ಹೇಳುವುದು ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ. ಪಾಪ ಎಂಬ ಪದವೂ ಮೂರನೆಯ ಅಧ್ಯಾಯದಲ್ಲಿಲ್ಲ. ಅದು ಮೊದಲು ಬರುವುದು ನಾಲ್ಕನೆಯ ಅಧ್ಯಾಯದಲ್ಲಿ, ತಮ್ಮನನ್ನು ಕೊಲ್ಲುವ ಮುಂಚೆ ಆದಾಮನ ಹಿರಿಯ ಮಗ ಕಾಯಿನನಿಗೆ ದೇವರು ಹೇಳುವ ಎಚ್ಚರಿಕೆಯಲ್ಲಿ. ಶಾಪದ ಪದ ಸರ್ಪಕ್ಕೂ ನೆಲಕ್ಕೂ ತಗಲುತ್ತದೆ. ಹೆಣ್ಣಿಗೆ ಹೆರಿಗೆಯ ನೋವೂ ಗಂಡಿಗೆ ಬೆವರಿನ ದುಡಿಮೆಯೂ ವಿಧಿಯಾಗುತ್ತವೆ ನಿಜ, ಆದರೆ ‘ನೀನು ಶಾಪಗ್ರಸ್ತಳು’ ಎಂಬ ಮಾತು ಅವಳಿಗೆ ಹೇಳಿದ್ದಲ್ಲ. ಹೀಬ್ರೂ ಭಾಷೆಯಲ್ಲಿ ನೆಲಕ್ಕೆ ‘ಅದಾಮಾ’ ಎನ್ನುತ್ತಾರೆ. ಆದಾಮನ ಹೆಸರು ಆ ಪದದ ಜೊತೆಗೇ ಬೆಸೆದುಕೊಂಡಿದೆ. ನೆಲಕ್ಕೆ ಬಿದ್ದ ಶಾಪ ಅದೇ ಮಣ್ಣಿನಿಂದ ಮಾಡಿದವನ ಬಾಳನ್ನು ಹೇಗೆ ಹೊಕ್ಕಿತು ಎಂದು ನೀವು ವಿಚಾರಿಸಿದ್ದರೆ ಲೇಖನಕ್ಕೆ ಬೇರೆಯೇ ತೂಕ ಬರುತ್ತಿತ್ತು.

‘ಗಂಡನನ್ನು ಹುಡುಕಿಕೊಂಡು ಹೋಗಿ’ ಎಂಬ ನಿಮ್ಮ ಮಾತಿನ ಮುಂದೆ ನಾನು ಅಂಚಿನಲ್ಲಿ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಹೀಬ್ರೂ ಮೂಲ ಹೇಳುವುದು ‘ತನ್ನ ಸಂಗಡ ಇದ್ದ ಗಂಡನಿಗೂ ಕೊಟ್ಟಳು’ ಎಂದು. ಅಂದರೆ ಆ ಸಂಭಾಷಣೆಯುದ್ದಕ್ಕೂ ಅವನು ಪಕ್ಕದಲ್ಲೇ ಬಾಯಿಮುಚ್ಚಿ ನಿಂತಿದ್ದನೆಂದು ಓದಲು ಅವಕಾಶವಿದೆ. ಬೈಬಲನ್ನು ಲ್ಯಾಟಿನ್ನಿಗೆ ತಂದ ಸಂತ ಜೆರೋಮನ ಅನುವಾದದಲ್ಲಿ ‘ಸಂಗಡ ಇದ್ದ’ ಎಂಬ ಆ ಒಂದು ಮಾತು ಬಿಟ್ಟುಹೋಯಿತು, ಮತ್ತು ಪಶ್ಚಿಮ ಯುರೋಪು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಓದಿದ್ದು ಆ ಲ್ಯಾಟಿನ್ನನ್ನೇ. ಹೆಣ್ಣೊಬ್ಬಳೇ ತಪ್ಪಿತಸ್ಥೆ ಎನ್ನುವ ಮಾತಿಗೆ ಎಷ್ಟೋ ಕಾರಣಗಳಿವೆ. ಆದರೆ ಒಂದು ಪದ ಬಿಟ್ಟುಹೋದದ್ದರಿಂದ ಒಂದು ಕಥೆಯಲ್ಲಿ ಗಂಡಸಿನ ಜಾಗವೇ ಬದಲಾಗುವುದನ್ನು ಕಂಡಾಗ ನಾವು ಪದಗಳೊಡನೆ ಕೆಲಸ ಮಾಡುವವರು ಬೆಚ್ಚಬೇಕು. ಇನ್ನೊಂದು ಸಂಗತಿಯನ್ನೂ ಗಮನಿಸಿ. ತಿನ್ನಬಾರದೆಂಬ ಅಪ್ಪಣೆ ಎರಡನೆಯ ಅಧ್ಯಾಯದಲ್ಲಿ ಆದಾಮನಿಗೆ ಸಿಕ್ಕಾಗ ಹವ್ವ ಇನ್ನೂ ಹುಟ್ಟಿರಲಿಲ್ಲ. ಸರ್ಪದೊಡನೆ ಮಾತನಾಡುವಾಗ ಅವಳು ‘ಮುಟ್ಟಲೂ ಕೂಡದು’ ಎಂದು ಸೇರಿಸುತ್ತಾಳೆ. ದೇವರ ಮಾತಿನಲ್ಲಿ ಅದು ಇರಲಿಲ್ಲ. ಸೇರಿಸಿದವರು ಯಾರು, ಅವಳೇ ಅಥವಾ ಅವಳಿಗೆ ತಿಳಿಸಿದ ಗಂಡನೇ? ಯೆಹೂದ್ಯ ವ್ಯಾಖ್ಯಾನಕಾರರು ಈ ಒಂದು ಮಾತನ್ನು ಹಿಡಿದು ದೀರ್ಘವಾಗಿ ಚರ್ಚಿಸಿದ್ದಾರೆ. ನೀವು ಅದರ ಪಕ್ಕದಲ್ಲೇ ಹಾದುಹೋಗಿದ್ದೀರಿ.

ಸೇಬಿನ ವಿಚಾರ. ಮೂಲದಲ್ಲಿರುವುದು ಬರಿಯ ‘ಹಣ್ಣು’. ಲ್ಯಾಟಿನ್ನಿನಲ್ಲಿ ಕೆಡುಕಿಗೂ ಸೇಬಿಗೂ ಹೆಚ್ಚುಕಡಿಮೆ ಒಂದೇ ಪದವಿರುವುದರಿಂದ ಈ ಗೊಂದಲ ಹುಟ್ಟಿತೆಂದು ನೀವು ವಿವರಿಸಿದ್ದೀರಿ. ಬಹಳ ಮಂದಿ ಹಾಗೆಯೇ ಬರೆಯುತ್ತಾರೆ. ಆದರೆ ಜೆರೋಮನ ಲ್ಯಾಟಿನ್ ಕೂಡ ಆ ಜಾಗದಲ್ಲಿ ಹಣ್ಣಿಗೆ ಸಾಮಾನ್ಯ ಪದವನ್ನೇ ಬಳಸಿದೆ, ಆದ್ದರಿಂದ ಆ ವಿವರಣೆಯನ್ನು ಅಷ್ಟು ಖಚಿತವಾಗಿ ಹೇಳಬೇಡಿ. ಯೆಹೂದ್ಯರ ತಾಲ್ಮುದ್ ಗ್ರಂಥದಲ್ಲಿ ದ್ರಾಕ್ಷಿ ಎಂದವರಿದ್ದಾರೆ, ಗೋಧಿ ಎಂದವರಿದ್ದಾರೆ, ಅಂಜೂರ ಎಂದವರಿದ್ದಾರೆ. ಅಂಜೂರದ ಪರವಾಗಿ ಕೊಡುವ ಕಾರಣ ಸೊಗಸಾಗಿದೆ: ಯಾವುದರಿಂದ ಕೆಟ್ಟರೋ ಅದರ ಎಲೆಯಿಂದಲೇ ಮಾನ ಮುಚ್ಚಿಕೊಂಡರು ಎನ್ನುವುದು. ನಿಮ್ಮ ಊರು ಶ್ರೀರಂಗಪಟ್ಟಣದ ಹತ್ತಿರವೆಂದು ಬರೆದಿದ್ದೀರಿ. ಗಂಜಾಂ ಅಂಜೂರದ ಹೆಸರು ನಿಮಗೆ ಹೊಸದಲ್ಲ. ಒಂದು ಅಂಜೂರದ ಎಲೆಯನ್ನು ಕಿತ್ತು ಅಂಗೈ ಮೇಲೆ ಉಜ್ಜಿ ನೋಡಿ. ಅದು ಉಪ್ಪುಕಾಗದದಂತೆ ಒರಟು, ಮತ್ತು ತೊಟ್ಟಿನಿಂದ ಒಸರುವ ಬಿಳಿಯ ಹಾಲು ಚರ್ಮಕ್ಕೆ ತಾಗಿದರೆ ಉರಿಯುತ್ತದೆ. ಆ ಎಲೆಗಳನ್ನು ಹೊಲಿದು ಸೊಂಟಕ್ಕೆ ಸುತ್ತಿಕೊಂಡರು ಎಂಬ ವಾಕ್ಯವನ್ನು ಆಮೇಲೆ ಮತ್ತೊಮ್ಮೆ ಓದಿ. ಅಧ್ಯಾಯದ ಕೊನೆಯಲ್ಲಿ ದೇವರೇ ಅವರಿಗೆ ಚರ್ಮದ ಅಂಗಿಗಳನ್ನು ಮಾಡಿ ತೊಡಿಸುತ್ತಾನೆ ಎನ್ನುವಲ್ಲಿರುವ ಕರುಣೆ ಆಗ ತಾನಾಗಿಯೇ ಕಾಣುತ್ತದೆ. ನೀವು ಆ ವಚನವನ್ನು ಎಲ್ಲಿಯೂ ಉಲ್ಲೇಖಿಸಿಲ್ಲ.

ತಿನ್ನಬಾರದೆಂದ ಹಣ್ಣಿನ ಆ ಮರವನ್ನು ನೀವು ಉದ್ದಕ್ಕೂ ‘ಜ್ಞಾನವೃಕ್ಷ’ ಎಂದು ಕರೆದಿದ್ದೀರಿ. ಹಳೆಯ ಕನ್ನಡ ಬೈಬಲಿನ ಮಾತು ‘ಒಳ್ಳೇದರ ಕೆಟ್ಟದ್ದರ ಅರುಹನ್ನು ಹುಟ್ಟಿಸುವ ಮರ’. ಎಂಥ ಚೆಲುವಾದ ಕನ್ನಡ ಅದು! ‘ಅರುಹು’ ಎಂಬ ಪದ ಶರಣರ ವಚನಗಳನ್ನು ಓದಿದ ಯಾವ ಕನ್ನಡಿಗನಿಗೂ ಒಳಗೆ ತಾಗುತ್ತದೆ. ಜೊತೆಗೆ ಆ ಮರ ಎಲ್ಲ ತಿಳಿವಳಿಕೆಯ ಮರವಲ್ಲ, ಒಳಿತು ಕೆಡುಕುಗಳ ಮರ ಎಂಬುದನ್ನು ಅದು ಬಿಟ್ಟುಕೊಡುವುದಿಲ್ಲ. ‘ಜ್ಞಾನವೃಕ್ಷ’ ಎಂದ ಕೂಡಲೇ ದೇವರು ವಿದ್ಯೆಯ ವಿರೋಧಿ ಎಂಬ ತೀರ್ಮಾನಕ್ಕೆ ನೀವು ಜಾರಿದ್ದೀರಿ, ಮೂರನೆಯ ಪುಟದಲ್ಲಿ.

ಇಷ್ಟೆಲ್ಲ ಹೇಳಿದ್ದು ನಂತರದ ಕಾಲದವರು ಸೇರಿಸಿದ್ದು ಸುಳ್ಳೆಂದು ಸಾಧಿಸುವುದಕ್ಕಲ್ಲ. ಮೂಲ ಏನನ್ನು ಹೇಳದೆ ಬಿಟ್ಟಿತೋ ಅದನ್ನು ಪ್ರತಿಯೊಂದು ಕಾಲವೂ ತನ್ನ ಸಂಕಟಕ್ಕೆ ತಕ್ಕಂತೆ ತುಂಬಿಕೊಂಡಿತು. ನಿಮ್ಮ ವಸ್ತುವಿನ ನಿಜವಾದ ಇತಿಹಾಸ ಅದೇ. ಯಾರು, ಯಾವಾಗ, ಏಕೆ ತುಂಬಿದರು ಎಂದು ತೋರಿಸುವುದು ನಿಮ್ಮ ಕೆಲಸ. ತುಂಬಿದ್ದನ್ನೆಲ್ಲ ಮೂಲದ ತಲೆಗೆ ಕಟ್ಟುವುದಲ್ಲ. ಆದಿಪಾಪದ ಸಿದ್ಧಾಂತವನ್ನೇ ತೆಗೆದುಕೊಳ್ಳಿ. ಆದಾಮನ ತಪ್ಪು ಹುಟ್ಟಿನಿಂದಲೇ ಪ್ರತಿ ಮಗುವಿಗೂ ಬರುತ್ತದೆ ಎಂಬುದಕ್ಕೆ ಗಟ್ಟಿಯಾದ ರೂಪ ಕೊಟ್ಟವನು ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪ್ ಅಗಸ್ಟೀನ. ಕ್ರೈಸ್ತಮತದ ಆದಿಪ್ರಚಾರಕ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದ 12ನೆಯ ವಚನವನ್ನು ಅವನು ಓದಿದ್ದು ಲ್ಯಾಟಿನ್ನಿನಲ್ಲಿ, ‘ಅವನಲ್ಲಿ ಎಲ್ಲರೂ ಪಾಪಮಾಡಿದರು’ ಎಂಬ ಅರ್ಥದಲ್ಲಿ. ಗ್ರೀಕ್ ಮೂಲವನ್ನು ‘ಎಲ್ಲರೂ ಪಾಪಮಾಡಿದ್ದರಿಂದ’ ಎಂದು ಓದುವುದು ಹೆಚ್ಚು ಸಹಜ. ಮನುಷ್ಯ ತನ್ನ ಇಚ್ಛೆಯ ಬಲದಿಂದಲೇ ಒಳ್ಳೆಯವನಾಗಬಲ್ಲ ಎಂಬ ಪೆಲೇಗಿಯಸ್‌ನ ಬೋಧನೆಯ ವಿರುದ್ಧ ನಡೆದ ಜಗಳದಲ್ಲಿ ಆ ಓದು ಹರಿತವಾಯಿತು, ಮತ್ತು 418ರಲ್ಲಿ ಕಾರ್ಥೇಜಿನ ಧರ್ಮಸಭೆ ಪೆಲೇಗಿಯಸ್‌ನ ಮತವನ್ನು ಖಂಡಿಸಿತು. ಪೂರ್ವದ ಆರ್ಥಡಾಕ್ಸ್ ಸಭೆಗಳು ಸಾವು ಮತ್ತು ದೌರ್ಬಲ್ಯ ಬಳುವಳಿಯಾಗಿ ಬಂದವೆಂದು ಒಪ್ಪುತ್ತವೆಯೇ ಹೊರತು ಅಪರಾಧ ಬಂದಿತೆಂದು ಒಪ್ಪುವುದಿಲ್ಲ. ಯೆಹೂದ್ಯ ಧರ್ಮದಲ್ಲಿ ಈ ಸಿದ್ಧಾಂತವೇ ಇಲ್ಲ. ‘ಎಲ್ಲ ಸೆಮಿಟಿಕ್ ಧರ್ಮಗಳೂ ಹೆಣ್ಣನ್ನೇ ದೂರಿದವು’ ಎಂಬ ನಿಮ್ಮ ಮಾತಂತೂ ಉಳಿಯಲಾರದು. ಕುರ್‌ಆನಿನಲ್ಲಿ ಸರ್ಪವಿಲ್ಲ, ಹೆಂಡತಿಯ ಹೆಸರಿಲ್ಲ. ಸೈತಾನನು ಇಬ್ಬರನ್ನೂ ಜಾರಿಸುತ್ತಾನೆ, ‘ತಾಹಾ’ ಅಧ್ಯಾಯದಲ್ಲಿ ಪಿಸುಗುಟ್ಟುವುದು ಆದಮರ ಕಿವಿಯಲ್ಲೇ. ಇಬ್ಬರೂ ಸೇರಿ ಕ್ಷಮೆ ಬೇಡುತ್ತಾರೆ, ಕ್ಷಮೆ ಸಿಗುತ್ತದೆ.

ಕಲೆಯ ಭಾಗದಲ್ಲಿ ಎರಡು ಪುಟಗಳಲ್ಲಿ ಹದಿನಾಲ್ಕು ಕಲಾವಿದರ ಹೆಸರುಗಳಿವೆ. ಅದು ಹಾಜರಿ ಪುಸ್ತಕದಂತೆ ಕಾಣುತ್ತದೆ. ಹದಿಮೂರನ್ನು ಹೊಡೆದುಹಾಕಿದರೂ ನಷ್ಟವಿಲ್ಲ, ಏಕೆಂದರೆ ನೀವು ಕಣ್ಣಿಟ್ಟು ನೋಡಿದ್ದು ಒಂದನ್ನೇ. ಅದು ಫ್ಲಾರೆನ್ಸಿನ ಸಾಂತಾ ಮರಿಯಾ ದೆಲ್ ಕಾರ್ಮಿನೆ ಚರ್ಚಿನ ಬ್ರಾಂಕಾಚ್ಚಿ ಪ್ರಾರ್ಥನಾ ಮಂದಿರದಲ್ಲಿ 1425ರ ಆಸುಪಾಸಿನಲ್ಲಿ ಮಸಾಚ್ಚೊ ಬರೆದ ಭಿತ್ತಿಚಿತ್ರ, ಏದೆನ್ ತೋಟದಿಂದ ಇಬ್ಬರನ್ನೂ ಹೊರಗಟ್ಟುವ ದೃಶ್ಯ. ಹನ್ನೊಂದನೆಯ ಪುಟದಲ್ಲಿ ನೀವು ಹೀಗೆ ಬರೆದಿದ್ದೀರಿ: ‘ಹವ್ವ ಎರಡು ಕೈಗಳಿಂದ ಮೈ ಮುಚ್ಚಿಕೊಂಡಿದ್ದಾಳೆ, ಅವಳ ಬಾಯಿ ತೆರೆದಿದೆ. ಆದಾಮ ಮೈ ಮುಚ್ಚಿಕೊಂಡಿಲ್ಲ. ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದಾನೆ. ಅವನ ಹೊಟ್ಟೆ ಒಳಕ್ಕೆ ಸೆಳೆದುಕೊಂಡಿದೆ, ಬಿಕ್ಕುವವರ ಹೊಟ್ಟೆಯಂತೆ.’ ಈ ನಾಲ್ಕು ವಾಕ್ಯಗಳಲ್ಲಿ ಒಂದೂ ವಿಶೇಷಣವಿಲ್ಲ, ಒಂದೂ ಉದ್ಗಾರವಿಲ್ಲ, ಆದರೂ ಓದಿದಾಗ ನನಗೆ ಎದೆ ಹಿಂಡಿದಂತಾಯಿತು. ಲೇಖನ ಇಲ್ಲಿಂದ ಶುರುವಾಗಬೇಕು.

ಅದಕ್ಕೆ ಇನ್ನೂ ಎರಡು ವಿವರಗಳನ್ನು ಸೇರಿಸಬಹುದು. ಆದಿಕಾಂಡದ ಪ್ರಕಾರ ಹೊರಹೋಗುವಾಗ ಅವರು ಚರ್ಮದ ಅಂಗಿ ತೊಟ್ಟಿದ್ದರು. ಮಸಾಚ್ಚೊ ಅವರನ್ನು ಬೆತ್ತಲೆಯಾಗಿ ನಡೆಸಿದ, ಅಂದರೆ ಬರಹಕ್ಕೆ ಬೆನ್ನು ತಿರುಗಿಸಿ ತನ್ನ ಓದನ್ನು ಗೋಡೆಯ ಮೇಲಿಟ್ಟ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಯಾರೋ ಅವರ ಸೊಂಟಕ್ಕೆ ಎಲೆಗಳನ್ನು ಬರೆಸಿದರು. 1980ರ ದಶಕದ ಜೀರ್ಣೋದ್ಧಾರದಲ್ಲಿ ಅವನ್ನು ಅಳಿಸಲಾಯಿತು. ಎದುರುಗಡೆಯೇ ಮಸಾಚ್ಚೊನ ಹಿರಿಯ ಜೊತೆಗಾರ ಮಸೋಲಿನೊ ಬರೆದ ಪ್ರಲೋಭನೆಯ ಚಿತ್ರವಿದೆ. ಅಲ್ಲಿ ಇಬ್ಬರೂ ಉತ್ಸವಕ್ಕೆ ಹೊರಟವರಂತೆ ಶಾಂತವಾಗಿ ನಿಂತಿದ್ದಾರೆ, ಮೇಲೆ ಹಾವಿಗೆ ಹೆಣ್ಣಿನ ಮುಖ. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಕತ್ತು ತಿರುಗಿಸುವಷ್ಟರಲ್ಲಿ ಯುರೋಪಿನ ಚಿತ್ರಕಲೆ ಬದಲಾಗಿಬಿಟ್ಟಿದೆ ಎನ್ನಿಸುತ್ತದೆ.

ನೀವು ಕೈಗಳನ್ನು ನೋಡಿದಿರಲ್ಲ, ಆ ಕೈಗಳನ್ನು ಬಿಡದೆ ಹಿಂಬಾಲಿಸಿ. ಜರ್ಮನಿಯ ಹಿಲ್ಡೆಸ್‌ಹೈಮ್ ಕೆಥೆಡ್ರಲ್ಲಿಗಾಗಿ ಬಿಷಪ್ ಬರ್ನ್‌ವರ್ಡ್ 1015ರಲ್ಲಿ ಮಾಡಿಸಿದ ಕಂಚಿನ ಬಾಗಿಲಿನ ಒಂದು ಫಲಕದಲ್ಲಿ ದೇವರು ಆದಾಮನತ್ತ ಬೆರಳು ತೋರಿಸುತ್ತಾನೆ. ಕುಗ್ಗಿ ನಿಂತ ಆದಾಮ ಒಂದು ಕೈಯಿಂದ ಮಾನ ಮುಚ್ಚಿಕೊಂಡು ಇನ್ನೊಂದರಿಂದ ಹವ್ವಳನ್ನು ತೋರಿಸುತ್ತಾನೆ. ಹವ್ವಳ ಕೈ ನೆಲದ ಮೇಲಿರುವ ಸರ್ಪದ ಕಡೆಗಿದೆ. ‘ನೀನು ನನ್ನ ಸಂಗಡ ಇರುವುದಕ್ಕೆ ಕೊಟ್ಟ ಸ್ತ್ರೀಯೇ ಕೊಟ್ಟಳು’ ಎಂದು ಆದಾಮ ದೇವರ ಮೇಲೆಯೇ ಹೊರೆ ಜಾರಿಸುವ ವಚನಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯವನ್ನು ನಾನು ಕಂಡಿಲ್ಲ. ವ್ಯಾಟಿಕನ್ನಿನ ಸಿಸ್ಟೀನ್ ಪ್ರಾರ್ಥನಾ ಮಂದಿರದ ಚಾವಣಿಯಲ್ಲಿ, 1508ರಿಂದ 1512ರ ನಡುವೆ, ಮೈಕೆಲೆಂಜೆಲೊ ಹವ್ವಳ ಕೈಗೆ ಹಾವಿನಿಂದ ಹಣ್ಣು ಕೊಡಿಸಿದನಾದರೂ ಆದಾಮನನ್ನು ಸುಮ್ಮನೆ ನಿಲ್ಲಿಸಲಿಲ್ಲ. ಅವನು ತಾನೇ ಎದ್ದು ಕೊಂಬೆಗೆ ಕೈಚಾಚಿದ್ದಾನೆ. ಆ ಮರವೂ ಅಂಜೂರದ್ದು. ‘ಕಲಾವಿದರೆಲ್ಲರೂ ಹವ್ವಳನ್ನೇ ಅಪರಾಧಿಯನ್ನಾಗಿ ಮಾಡಿದರು’ ಎಂಬ ನಿಮ್ಮ ವಾಕ್ಯದ ಎದುರು ಆ ಒಂದು ತೋಳು ಸಾಕು.

ಸಾಹಿತ್ಯದ ಭಾಗದಲ್ಲಿ ಇಂಗ್ಲಿಷ್ ಕವಿ ಮಿಲ್ಟನ್ನನಿಗೆ ಕೊಟ್ಟಿರುವುದು ಆರು ಸಾಲು, ಅದರಲ್ಲಿ ನಾಲ್ಕು ಅವನ ಕುರುಡಿನ ಬಗ್ಗೆ. ಅವನು ದೃಷ್ಟಿ ಕಳೆದುಕೊಂಡ ಮೇಲೆ ‘ಪ್ಯಾರಡೈಸ್ ಲಾಸ್ಟ್’ ಕಾವ್ಯವನ್ನು ಹೇಳಿ ಬರೆಸಿದ್ದು ನಿಜ. 1667ರಲ್ಲಿ ಹತ್ತು ಭಾಗಗಳಾಗಿ ಬಂದದ್ದು 1674ರಲ್ಲಿ ಹನ್ನೆರಡಾದದ್ದೂ ನಿಜ. ಆದರೆ ಒಂಬತ್ತನೆಯ ಭಾಗವನ್ನು ನೀವು ಓದಿದಂತೆ ಕಾಣುವುದಿಲ್ಲ. ಅಂದು ಬೆಳಿಗ್ಗೆ ತೋಟದ ಕೆಲಸವನ್ನು ಹಂಚಿಕೊಂಡು ಬೇರೆಬೇರೆ ಮಾಡೋಣವೆಂದು ಹವ್ವ ಕೇಳುತ್ತಾಳೆ. ಗಂಡಹೆಂಡಿರ ನಡುವೆ ವಾದ ನಡೆಯುತ್ತದೆ, ಮನೆಯೊಳಗಿನ ಯಾವ ವಾದದಂತೆಯೂ. ಕೊನೆಗೆ ಅವಳು ಅವನ ಕೈಯಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಹೋಗುತ್ತಾಳೆ. ಅವಳು ಮರಳುವ ಹೊತ್ತಿಗೆ ಆದಾಮ ಅವಳಿಗಾಗಿ ಹೂಮಾಲೆ ಕಟ್ಟಿ ಕಾಯುತ್ತಿದ್ದಾನೆ. ಅವಳು ತಿಂದದ್ದನ್ನು ಹೇಳಿದಾಗ ಅವನ ಸಡಿಲವಾದ ಕೈಯಿಂದ ಮಾಲೆ ಕೆಳಗೆ ಬೀಳುತ್ತದೆ, ಗುಲಾಬಿಗಳು ಆಗಲೇ ಬಾಡಿರುತ್ತವೆ. ಪತನ ಎಂಬ ಪದಕ್ಕೆ ಮಿಲ್ಟನ್ ಕೊಟ್ಟ ಚಿತ್ರ ನನ್ನ ಮಟ್ಟಿಗೆ ಅದೇ. ತಾನು ಮೋಸಹೋಗಿಲ್ಲವೆಂದು ತಿಳಿದೂ, ಅವಳಿಲ್ಲದೆ ಬದುಕಲಾರೆನೆಂದು ಆಮೇಲೆ ಅವನು ತಿನ್ನುತ್ತಾನೆ. ಹನ್ನೆರಡನೆಯ ಭಾಗದ ಕೊನೆಯ ಸಾಲುಗಳಲ್ಲಿ ಇಬ್ಬರೂ ಮತ್ತೆ ಕೈಕೈ ಹಿಡಿದು, ತಡವರಿಸುವ ನಿಧಾನದ ಹೆಜ್ಜೆಗಳಲ್ಲಿ ಏದೆನ್ನಿನಿಂದ ಹೊರಟುಹೋಗುತ್ತಾರೆ. ಮಸಾಚ್ಚೊನ ಚಿತ್ರದಲ್ಲಿ ಒಬ್ಬರನ್ನೊಬ್ಬರು ಹಿಡಿಯಲಾರದ ಕೈಗಳ ಪಕ್ಕದಲ್ಲಿ ಈ ಹಿಡಿದ ಕೈಗಳನ್ನಿಟ್ಟು ನೋಡಿ. ನಿಮ್ಮ ಲೇಖನಕ್ಕೆ ಬೇಕಾದ ಎರಡು ತುದಿಗಳು ಸಿಗುತ್ತವೆ.

ಭಾಷೆಯ ಬಗ್ಗೆ ಒಂದೆರಡು ಮಾತು. ‘ಎಂದರೆ ಅತಿಶಯೋಕ್ತಿಯಾಗಲಾರದು’ ಎಂಬುದು ಒಂಬತ್ತು ಕಡೆ ಬಂದಿದೆ, ಒಂಬತ್ತನ್ನೂ ತೆಗೆಯಿರಿ. ಕೊನೆಯಲ್ಲಿ ಅಹಲ್ಯೆಯನ್ನು ತಂದು ಹವ್ವಳ ಪಕ್ಕ ನಿಲ್ಲಿಸಿದ್ದೀರಿ. ಅವಳ ಕಥೆ ಬೇರೆ, ಅದರ ನೋವು ಬೇರೆ. ಅರ್ಧ ಪುಟದಲ್ಲಿ ಹೋಲಿಸಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ. ಅದನ್ನು ಬಿಟ್ಟುಬಿಡಿ.

ಹೊಸ ಕರಡು ಹನ್ನೊಂದನೆಯ ಪುಟದಿಂದ ಶುರುವಾಗಲಿ, ಎರಡು ಸಾವಿರ ಪದಗಳನ್ನು ಮೀರದಿರಲಿ. ಮೂಲದಲ್ಲಿರುವುದು ಯಾವುದು, ನಂತರ ಬಂದದ್ದು ಯಾವುದು ಎಂದು ಬರೆಯುವ ಮುನ್ನ ಎರಡು ಬೇರೆ ಹಾಳೆಗಳಲ್ಲಿ ಗುರುತು ಹಾಕಿಕೊಳ್ಳಿ. ಅಂಚಿನ ಟಿಪ್ಪಣಿಗಳಿರುವ ನಿಮ್ಮ ಪ್ರತಿಯನ್ನು ಇದರೊಡನೆ ಕಳಿಸುತ್ತಿದ್ದೇನೆ. ಹನ್ನೊಂದನೆಯ ಪುಟದ ಅಂಚು ಮಾತ್ರ ಖಾಲಿಯಿದೆ.

ವಿಶ್ವಾಸದಿಂದ,
ಸಂಪಾದಕ