ಹಾವು ಕಚ್ಚಿದ ನಾಯಿಯ ಚಿಕಿತ್ಸಾ ವೆಚ್ಚದ ಕುರಿತು

ಮಾನ್ಯರೇ, ಪೊನ್ನಂಪೇಟೆಯ ತೋಟದಲ್ಲಿ ರಾತ್ರಿ ಹಾವು ಕಚ್ಚಿದ ನಿಮ್ಮ ಎಂಟು ಕಿಲೋ ತೂಕದ ನಾಯಿಗೆ, ದೊಡ್ಡ ನಾಯಿಗೆ ಹಾಕುವಷ್ಟೇ ವಿಷನಿರೋಧಕ ಚುಚ್ಚುಮದ್ದು ಹಾಕಿ ಬಿಲ್ ಏರಿಸಿದರೇ ಎಂದು ಕೇಳಿದ್ದೀರಿ. ಅಷ್ಟರಿಂದಲೇ ಮೋಸವೆನ್ನಲಾಗದು. ಈ ಔಷಧದ ಪ್ರಮಾಣ ನಿರ್ಧಾರವಾಗುವುದು ಪ್ರಾಣಿಯ ತೂಕದಿಂದಲ್ಲ, ದೇಹ ಸೇರಿದ ವಿಷದಿಂದ. ಹೀಗಾಗಿ ಚಿಕ್ಕ ನಾಯಿಗೂ ಅಷ್ಟೇ ಬೇಕಾಗುತ್ತದೆ.

ಕೇಳಬೇಕಾದ ಪ್ರಶ್ನೆ ಬೇರೆಯಿದೆ: ಆ ಔಷಧ ನಿಮ್ಮ ನಾಯಿಗೆ ಬೇಕಿತ್ತೇ? ನಮ್ಮಲ್ಲಿ ದೊರೆಯುವ ಔಷಧವು ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲಗಳ ವಿಷಕ್ಕೆಂದು ತಯಾರಾದದ್ದು. ಮಳೆಗಾಲದಲ್ಲಿ ಕಾಫಿ ಗಿಡದ ಮೇಲೆಯೇ ಸುತ್ತಿಕೊಂಡಿರುವ ಮಲಬಾರ್ ಗುಳಿಮಂಡಲ ಕಚ್ಚಿದ್ದರೆ ಅದರಿಂದ ಉಪಯೋಗವಾಗುವ ಭರವಸೆಯಿಲ್ಲ. ನಮ್ಮ ನಾಯಿಯ ಮೂತಿಗೆ ಕಚ್ಚಿದಾಗ ವೈದ್ಯರು ಸ್ವಲ್ಪ ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು, ಅದು ಹೆಪ್ಪುಗಟ್ಟಿದ್ದನ್ನು, ಅಂದರೆ ವಿಷವು ರಕ್ತದ ಹೆಪ್ಪುಗಟ್ಟುವ ಗುಣವನ್ನು ಕೆಡಿಸಿಲ್ಲವೆಂಬುದನ್ನು ನೋಡಿ, ಉಸಿರಾಟ ಮತ್ತು ನಡಿಗೆಯಲ್ಲೂ ತೊಂದರೆ ಕಾಣದ ಕಾರಣ ಸಲೈನ್, ನೋವಿನ ಔಷಧ ಮತ್ತು ಒಂದು ರಾತ್ರಿಯ ನಿಗಾದಲ್ಲೇ ಮುಗಿಸಿದರು. ನಿಮ್ಮ ಬಿಲ್ಲಿನಲ್ಲಿ ಆ ಪರೀಕ್ಷೆ ನಮೂದಾಗಿದೆಯೇ ನೋಡಿ, ಇಲ್ಲದಿದ್ದರೆ ವಿಚಾರಿಸಿ.

ನಾಯಿಯನ್ನು ಮೈಸೂರಿನ ಆಸ್ಪತ್ರೆಗೆ ಒಯ್ದ ಟ್ಯಾಕ್ಸಿ ಬಾಡಿಗೆಯ ಮಾತು ಬಿಡಿ, ಆ ಹೊತ್ತಿನಲ್ಲಿ ಯಾರೂ ಚೌಕಾಸಿ ಮಾಡುವುದಿಲ್ಲ. ಆದರೆ ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ, ಔಷಧ ದಾಸ್ತಾನಿದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.