ಆಟಿ ಸೊಪ್ಪು, ಮದ್ದು ಸೊಪ್ಪು ಎರಡೂ ಒಂದೇನಾ?

ಪ್ರಶ್ನೆ: ನನ್ನ ಅಜ್ಜಿ ಮನೆ ಮಡಿಕೇರಿ ಹತ್ತಿರ. ಚಿಕ್ಕವಳಿದ್ದಾಗ ಜೋರು ಮಳೆಗಾಲದಲ್ಲಿ ವರ್ಷಕ್ಕೊಂದು ದಿನ ನೇರಳೆ ಬಣ್ಣದ ಪಾಯಸ ಮಾಡುತ್ತಿದ್ದರು. ಅದು ‘ಆಟಿ ಸೊಪ್ಪು’ ಅಂತ ಅಜ್ಜಿ ಹೇಳುತ್ತಿದ್ದರು. ಈಗ ಅದೇ ತೋಟದ ಅಂಚಿನ ಕಾಡಲ್ಲಿ ಅಂಥದ್ದೇ ಗಿಡ ಕಂಡಿದೆ, ಫೋಟೊ ಕಳಿಸಿದ್ದೇನೆ. ಪಕ್ಕದ ಮನೆಯವರು ‘ಮದ್ದು ಸೊಪ್ಪು’ ಅಂತಾರೆ. ಮಂಗಳೂರಿನ ಗೆಳತಿ ಮಾತ್ರ ‘ಆಟಿ ಮದ್ದು ಅಂದ್ರೆ ಮರದ ತೊಗಟೆ, ಸೊಪ್ಪಲ್ಲ’ ಅಂತಾಳೆ. ಯಾರು ಸರಿ? ಇದನ್ನೇ ಕಿತ್ತು ಪಾಯಸ ಮಾಡಬಹುದಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮೂವರೂ ಸರಿಯೇ. ಆದರೆ ಗೆಳತಿ ಹೇಳುತ್ತಿರುವುದು ಬೇರೆಯದೇ ಮದ್ದು. ಅದನ್ನು ಆಮೇಲೆ ಹೇಳುತ್ತೇನೆ, ಯಾಕಂದ್ರೆ ಅಲ್ಲಿ ಹೆಸರು ಗೊಂದಲವಾದರೆ ಜೀವಕ್ಕೇ ಅಪಾಯ.

ಮೊದಲು ನಿಮ್ಮ ಸೊಪ್ಪು. ಕೊಡವ ಮನೆಗಳಲ್ಲಿ ಇದು ಮದ್ದ್ ತೊಪ್ಪ್. ಕನ್ನಡದಲ್ಲಿ ಮದ್ದು ಸೊಪ್ಪು ಅಥವಾ ಆಟಿ ಸೊಪ್ಪು. ಸಸ್ಯಶಾಸ್ತ್ರದವರು ಕೊಟ್ಟ ಹೆಸರು ಜಸ್ಟಿಸಿಯ ವೈನಾಡೆನ್ಸಿಸ್. ಕೊಡಗಿನ ಪಕ್ಕದ ವಯನಾಡು ಆ ಹೆಸರಲ್ಲೇ ಕೂತಿದೆ ನೋಡಿ. ಮನೆಮದ್ದಿಗೆ ಬಳಸುವ ಆಡುಸೋಗೆಯ ಹತ್ತಿರದ ನೆಂಟ ಇದು, ಪಶ್ಚಿಮ ಘಟ್ಟದ ನೆರಳು ಕಾಡಿನ ಗಿಡ.

ಹೆಸರು ಎರಡಾಗಿದ್ದು ತಿಂಗಳಿನಿಂದ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳಿಗೆ ಕೊಡವರು ಕಕ್ಕಡ ಅಂತಾರೆ, ತುಳುವರೂ ಅರೆಭಾಷೆಯವರೂ ಆಟಿ ಅಂತಾರೆ, ಮಲಯಾಳಿಗಳು ಕರ್ಕಟಕ ಅಂತಾರೆ. ಆ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ ಈ ಸೊಪ್ಪಿನ ದಿನ. ಈ ಗಿಡಕ್ಕೆ ದಿನಕ್ಕೊಂದರಂತೆ ಮದ್ದು ಸೇರುತ್ತಾ ಹೋಗಿ, 18ನೇ ದಿನ 18 ಬಗೆಯ ಮದ್ದೂ ತುಂಬಿರುತ್ತದೆ ಅನ್ನುವುದು ಕೊಡಗಿನ ನಂಬಿಕೆ. ಲೆಕ್ಕ ಹಿಡಿದು ಅಳೆಯುವ ಮಾತಲ್ಲ ಅದು. ಆದರೆ ಆ ದಿನಗಳಲ್ಲಿ ಗಿಡದ ಹತ್ತಿರ ಹೋದರೆ ಪರಿಮಳ ಜಾಸ್ತಿ ಬರುತ್ತದೆ ಅಂತ ಕೊಡಗಿನ ಎಷ್ಟೋ ಹಿರಿಯರು ಹೇಳುವುದನ್ನು ಕೇಳಿದ್ದೇನೆ.

ಗುರುತು ಹೇಗೆ? ಸೊಂಟದೆತ್ತರದ ಪೊದೆ ಗಿಡ. ತೇವ ಇರುವ ಕಡೆ, ತೊರೆ ಬದಿಯಲ್ಲಿ, ಕಾಫಿ ತೋಟದ ಅಂಚಿನಲ್ಲಿ ಬೆಳೆಯುತ್ತದೆ. ಕಾಂಡದಲ್ಲಿ ಗೆಣ್ಣು ಗೆಣ್ಣು, ಗೆಣ್ಣಿನ ಹತ್ತಿರ ಸ್ವಲ್ಪ ಉಬ್ಬು. ಎಲೆಗಳು ಜೋಡಿ ಜೋಡಿಯಾಗಿ ಎದುರುಬದುರು, ಉದ್ದುದ್ದ, ತುದಿ ಚೂಪು. ಇಷ್ಟು ಓದಿದರೆ ಸುಲಭ ಅನಿಸುತ್ತದೆ, ಅಲ್ವಾ? ಕಷ್ಟ ಇರುವುದೇ ಇಲ್ಲಿ. ಅದೇ ಕಾಡಲ್ಲಿ, ಅದೇ ನೆರಳಲ್ಲಿ ಕುರಿಂಜಿ ಜಾತಿಯ ಗಿಡಗಳೂ ಇರುತ್ತವೆ. ಅವೂ ಇದೇ ಕುಟುಂಬದವು, ಅವುಗಳಿಗೂ ಎದುರುಬದುರು ಎಲೆ, ಉಬ್ಬಿದ ಗೆಣ್ಣು. ಹೂವಿಲ್ಲದ ಎಳೆ ಗಿಡವಾದರೆ ಹೊಸಬರಿಗೆ ಬೇರ್ಪಡಿಸುವುದು ಕಷ್ಟ. ಅದಕ್ಕೇ ನಿಮ್ಮ ಫೋಟೊ ನೋಡಿ ‘ಹೌದು, ಅದೇ’ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ.

ನಿಜವಾದ ಸೊಪ್ಪನ್ನು ದಂಟಿನ ಸಮೇತ ಕತ್ತರಿಸಿ ನೀರಲ್ಲಿ ಕುದಿಸಿದರೆ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಸೋಸಿ ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನ ಹಾಲು, ಏಲಕ್ಕಿ ಹಾಕಿದರೆ ನಿಮ್ಮ ಅಜ್ಜಿಯ ಪಾಯಸ. ಅಕ್ಕಿ ತರಿಯಲ್ಲಿ ಮಾಡಿದರೆ ಮದ್ದ್ ಪುಟ್ಟ್, ಅದಕ್ಕೆ ಮೇಲೆ ತುಪ್ಪ, ಜೇನು. ಆದರೆ ಬಣ್ಣ ಬರುತ್ತದಾ ನೋಡೋಣ ಅಂತ ಸಿಕ್ಕ ಗಿಡವನ್ನೆಲ್ಲ ಕುದಿಸಿ ಕುಡಿಯಬೇಡಿ. ಬಣ್ಣ ಕೊನೆಯ ಗುರುತು, ಮೊದಲನೆಯದಲ್ಲ. ನಿಮಗೆ ದಾರಿ ಹತ್ತಿರದಲ್ಲೇ ಇದೆ: ‘ಮದ್ದು ಸೊಪ್ಪು’ ಅಂದ ಆ ಪಕ್ಕದ ಮನೆಯವರು ವರ್ಷವರ್ಷ ಅದನ್ನು ಕಿತ್ತು ಅಡುಗೆ ಮಾಡುವವರಾದರೆ ಅವರನ್ನೇ ಗಿಡದ ಹತ್ತಿರ ಕರೆದುಕೊಂಡು ಹೋಗಿ. ಅವರು ಹೌದು ಅಂದರೆ ಒಂದು ದಂಟು ಮುರಿದು ತಂದು, ನೆರಳಿರುವ ಕಡೆ ಒದ್ದೆ ಮಣ್ಣಲ್ಲಿ ಚುಚ್ಚಿ. ಗೆಣ್ಣಿನಿಂದ ಬೇರು ಬಿಡುತ್ತದೆ. ಮುಂದಿನ ವರ್ಷ ಕಾಡಿಗೆ ಹೋಗುವ ಕೆಲಸವೂ ಇಲ್ಲ, ಗುರುತಿನ ಗೊಂದಲವೂ ಇಲ್ಲ.

ಈಗ ಗೆಳತಿಯ ಮಾತು. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ ಖಾಲಿ ಹೊಟ್ಟೆಯಲ್ಲಿ ಪಾಲೆ ಮರದ ಕೆತ್ತೆಯ ಕಷಾಯ ಕುಡಿಯುತ್ತಾರೆ. ಕನ್ನಡದಲ್ಲಿ ಅದು ಹಾಲೆ ಮರ, ಕೆಲವರು ಸಪ್ತಪರ್ಣಿ ಅಂತಾರೆ. ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುವುದು ಪದ್ಧತಿ. ಅರೆಯುವಾಗ ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರುತ್ತದೆ. ವಿಪರೀತ ಕಹಿ. ಆಮೇಲೆ ಹೊಟ್ಟೆ ತಂಪಾಗಲಿ ಅಂತ ಮೆಂತೆ ಗಂಜಿ.

ಕತ್ತಲಲ್ಲಿ ತೊಗಟೆ ತೆಗೆಯುವುದರಿಂದಲೇ ಅನಾಹುತ ಆಗಿದೆ. ಪಾಲೆ ಅಂತ ತಿಳಿದು ಕಾಸರಕದ ತೊಗಟೆ ತಂದು ಕುಡಿದು ಕರಾವಳಿಯಲ್ಲಿ ಜನ ಆಸ್ಪತ್ರೆ ಸೇರಿದ್ದಾರೆ, ಜೀವವೂ ಹೋಗಿದೆ. ಕಾಸರಕದಲ್ಲಿ ಸ್ಟ್ರಿಕ್ನಿನ್ ಅನ್ನುವ ವಿಷ ಇದೆ, ಮೈಯೆಲ್ಲ ಸೆಟೆದು ಉಸಿರು ಕಟ್ಟಿಸುತ್ತದೆ. ಅದೂ ಕಹಿ, ಇದೂ ಕಹಿ, ಹಾಗಾಗಿ ನಾಲಿಗೆಗೆ ತಪ್ಪು ಗೊತ್ತಾಗುವುದಿಲ್ಲ. ಹಗಲಲ್ಲಿ ನೋಡಿದರೆ ಮಾತ್ರ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಪಾಲೆಯಲ್ಲಿ ಒಂದೇ ಗೆಣ್ಣಿನ ಸುತ್ತ ಏಳರ ಆಸುಪಾಸು ಎಲೆ ಕೊಡೆಯ ಹಾಗೆ ಹರಡಿರುತ್ತವೆ, ಚಿವುಟಿದರೆ ಬಿಳಿ ಹಾಲು ಬರುತ್ತದೆ. ಕಾಸರಕದಲ್ಲಿ ಎಲೆ ಎರಡೆರಡೇ, ಬುಡದಿಂದಲೇ ಮೂರರಿಂದ ಐದು ನರ ಎದ್ದು ಕಾಣುತ್ತವೆ, ಹಾಲು ಇಲ್ಲ, ಹಣ್ಣು ಕಿತ್ತಳೆ ಬಣ್ಣದ ಚೆಂಡು. ಆದ್ದರಿಂದ ಹಿಂದಿನ ದಿನ ಹಗಲಲ್ಲೇ ಮರ ನೋಡಿ, ಕಾಂಡಕ್ಕೆ ಬಟ್ಟೆ ಕಟ್ಟಿ ಬನ್ನಿ. ಗೆಳತಿಗೂ ಇದನ್ನು ತಪ್ಪದೆ ಹೇಳಿ. ಹಾಲು ಬಂತು ಅಂತ ಒಂದೇ ಗುರುತು ನಂಬಬೇಡಿ, ಕಾಡಲ್ಲಿ ಹಾಲು ಬರುವ ವಿಷದ ಗಿಡಗಳೂ ಇವೆ.

ಪ್ರಶ್ನೆ: ಕೊಡಗಿನ ನೆಂಟರ ಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ತಿಂದೆ. ಮರುದಿನ ಮೂತ್ರ ಕೆಂಪಾಗಿ ಹೋಯಿತು. ರಕ್ತ ಅಂತ ಹೆದರಿಬಿಟ್ಟೆ. ಏನಿದು?
– ಓದುಗರೊಬ್ಬರು, ಹಾಸನ

ಉತ್ತರ: ಸೊಪ್ಪಿನ ಬಣ್ಣ ಅದು. ಬೀಟ್‌ರೂಟ್ ತಿಂದಾಗ ಕೆಲವರಿಗೆ ಆಗುವ ಹಾಗೆ. ಮದ್ದು ಮೈಗೆ ಹಿಡಿಯಿತು ಅಂತ ಕೊಡಗಿನಲ್ಲಿ ಸಂತೋಷಪಡುತ್ತಾರೆ. ನೆಂಟರು ಊಟಕ್ಕೆ ಮುಂಚೆಯೇ ಹೇಳಬೇಕಿತ್ತು, ಪಾಪ ನೀವು ರಾತ್ರಿಯಿಡೀ ನಿದ್ದೆಗೆಟ್ಟಿರಬೇಕು. ಆದರೆ ಒಂದೆರಡು ದಿನ ಕಳೆದ ಮೇಲೂ ಕೆಂಪು ಹೋಗದಿದ್ದರೆ ಅಥವಾ ಉರಿ, ನೋವು ಇದ್ದರೆ ಸೊಪ್ಪಿನ ಮೇಲೆ ಹಾಕಿ ಸುಮ್ನೆ ಕೂರಬೇಡಿ, ಡಾಕ್ಟರಿಗೆ ತೋರಿಸಿ. ದಿನವೂ ಮಾತ್ರೆ ತಗೊಳ್ಳುವವರು, ಬಸುರಿಯರು ತಿನ್ನುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಮರದ ಮೇಲೆ ಬೆಳೆದ ಕೆಸುವಿನ ಎಲೆ ಸಿಕ್ಕಿದೆ. ಪತ್ರೊಡೆಗೆ ಆಗುತ್ತದಾ? ತುರಿಸುವುದಿಲ್ಲವಾ?
– ಓದುಗರೊಬ್ಬರು, ಸಾಗರ

ಉತ್ತರ: ಮರಗೆಸು ಅದು. ಮಳೆ ಹಿಡಿದ ಮೇಲೆ ಹಳೇ ಮರಗಳ ಕವಲಲ್ಲಿ ಚಿಗುರುತ್ತದೆ. ಪತ್ರೊಡೆಗೆ ಇದೇ ರುಚಿ ಅನ್ನುವವರು ಮಲೆನಾಡಲ್ಲೂ ಕರಾವಳಿಯಲ್ಲೂ ತುಂಬಾ ಇದ್ದಾರೆ, ನನಗೂ ಹಾಗೇ ಅನಿಸುತ್ತದೆ. ತುರಿಕೆಗೆ ಕಾರಣ ಎಲೆಯೊಳಗಿನ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳು, ಗಂಟಲಿಗೆ ಚುಚ್ಚುತ್ತವೆ. ಎಳೆ ಎಲೆ ಆರಿಸಿ, ದಪ್ಪ ನರ ಕೆತ್ತಿ ತೆಗೆಯಿರಿ, ಹಿಟ್ಟಿಗೆ ಹುಣಸೆಹಣ್ಣು ಧಾರಾಳವಾಗಿ ಹಾಕಿ, ಒಂದು ಗಂಟೆಯಾದರೂ ಹಬೆಯಲ್ಲಿ ಬೇಯಿಸಿ. ಎಲೆ ಜೊತೆ ಗೆಡ್ಡೆಯನ್ನೂ ಕಿತ್ತು ತರಬೇಡಿ. ಗೆಡ್ಡೆ ಅಲ್ಲೇ ಉಳಿದರೆ ಮುಂದಿನ ಮಳೆಗೆ ಅದೇ ಕವಲಲ್ಲಿ ಮತ್ತೆ ಚಿಗುರುತ್ತದೆ.